ಔಷಧದಂಗಡಿಯಲ್ಲಿ ಆಡಬೇಕಾದ ಮಾತು

ಕಾಫಿ ಕೊಯ್ಲಿನ ದಿನಗಳಲ್ಲಿ ಸಕಲೇಶಪುರ, ಆಲೂರು ಸೀಮೆಯ ಇಳಿಜಾರು ತೋಟಗಳಲ್ಲಿ ದಿನವಿಡೀ ನಿಂತು ದುಡಿದವರು, ಹಣ್ಣಿನ ಚೀಲ ಹೊತ್ತವರು ಸಂಜೆ ಔಷಧದಂಗಡಿಯ ಮುಂದೆ ನಿಂತು "ಸೊಂಟನೋವಿಗೆ ನಾಲ್ಕು ಮಾತ್ರೆ ಕೊಡಿ" ಎಂದು ಕೇಳುವುದನ್ನು ನಾವೆಲ್ಲ ಬಲ್ಲೆವು. ಬಸ್ಸು ಹೊರಡುವ ಆತುರ ಇವರದು; ಕಾದು ನಿಂತ ಜನರ ಒತ್ತಡ ಅಂಗಡಿಯವರದು. ಹೀಗಾಗಿ ಮಾತ್ರೆ ಕೈ ಸೇರುತ್ತದೆ, ಮಾತು ಉಳಿದುಹೋಗುತ್ತದೆ.

ಹಾಗೆ ಉಳಿದ ಮಾತು ಅಪಾಯಕ್ಕೆ ದಾರಿಯಾಗಬಲ್ಲದು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದ ನೋವುನಿವಾರಕಗಳು ರಕ್ತದೊತ್ತಡವನ್ನು ಏರಿಸಬಲ್ಲವು. ಬಿಪಿಯ ಕೆಲವು ಮಾತ್ರೆಗಳೊಡನೆ, ಅದರಲ್ಲಿಯೂ ಮೂತ್ರ ಹೆಚ್ಚಿಸುವ ಮಾತ್ರೆಯೊಡನೆ ಸೇರಿದಾಗ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲವು. ವಯಸ್ಸಾದವರಿಗೂ ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವವರಿಗೂ ಈ ಭಯ ಹೆಚ್ಚು. "ನನಗೆ ಬಿಪಿ ಇದೆ" ಎಂಬ ಒಂದು ಮಾತು ಹೇಳಿದ್ದರೆ ಔಷಧ ವಿತರಕರು ಅಲ್ಲಿಯೇ ಎಚ್ಚರಿಸಬಹುದಿತ್ತು, ವೈದ್ಯರ ಬಳಿಗೆ ಕಳುಹಿಸಬಹುದಿತ್ತು.

ಕಾಫಿಯಿಲ್ಲದೆ ಬೆಳಗಾಗದ ಈ ಸೀಮೆಗೆ ಇನ್ನೊಂದು ನಿದರ್ಶನವೂ ಸಲ್ಲುತ್ತದೆ. ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ಕಾಫಿಯೊಡನೆ ನುಂಗಿದರೆ ಅದು ದೇಹಕ್ಕೆ ಸರಿಯಾಗಿ ಹೀರಲ್ಪಡುವುದಿಲ್ಲ. ಬರಿಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿ, ಕಾಫಿ ಮತ್ತು ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣಾಂಶ ಹಾಗೂ ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ 4 ಗಂಟೆಗಳ ಅಂತರವಿರಬೇಕು. ಇದನ್ನು ಯಾರೂ ಹೇಳದೆ ಹೋದರೆ, ಮಾತ್ರೆ ತಪ್ಪದೆ ನುಂಗಿಯೂ ರೋಗಿ ಬಳಲುತ್ತಲೇ ಇರುತ್ತಾರೆ.

ಕೇಳಿದರೆ ಬೇಸರಪಟ್ಟುಕೊಂಡಾರೆಂಬ ಸಂಕೋಚ ನಮ್ಮಲ್ಲಿ ಅನೇಕರಿಗಿದೆ. ಅದು ಬೇಡ. ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ವೃತ್ತಿ ನಿಯಮಾವಳಿಯ ಪ್ರಕಾರ ಔಷಧವನ್ನು ಸೇವಿಸುವ ವಿಧಾನ, ಅಡ್ಡಪರಿಣಾಮ, ಕಾಪಿಡುವ ಕ್ರಮ, ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಮಾಡಬೇಕಾದುದು ಇವುಗಳನ್ನು ತಿಳಿಸುವುದು ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯ. ಕೇಳುವುದು ರೋಗಿಯ ಹಕ್ಕು.

ಆದುದರಿಂದ ಅಂಗಡಿಗೆ ಹೋಗುವಾಗ ವೈದ್ಯರ ಚೀಟಿಯೊಡನೆ ಮನೆಯಲ್ಲಿ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ, ನಾಟಿ ಔಷಧವಿದ್ದರೆ ಅದರ ವಿವರವನ್ನೂ ಒಯ್ಯೋಣ. ಬಿಪಿ, ಸಕ್ಕರೆ ಕಾಯಿಲೆ, ಗರ್ಭ, ಹಿಂದೆ ಯಾವುದಾದರೂ ಔಷಧ ಒಗ್ಗದಿದ್ದುದು, ಇವನ್ನು ಮೊದಲೇ ಹೇಳೋಣ. ಹತ್ತು ಜನರ ಮುಂದೆ ಹೇಳಲಾಗದ ಸಂಗತಿಯಿದ್ದರೆ ಪಕ್ಕಕ್ಕೆ ಕರೆದು ಹೇಳಬಹುದು. ಕೇಳಿದ್ದನ್ನು ಅಲ್ಲಿಯೇ ಒಮ್ಮೆ ತಿರುಗಿ ಹೇಳಿ ಸರಿಯೇ ಎಂದು ಖಚಿತಪಡಿಸಿಕೊಳ್ಳೋಣ.

ಔಷಧ ವಿತರಕ ಬಂಧುಗಳಲ್ಲಿಯೂ ನಮ್ಮದೊಂದು ಅರಿಕೆ. ತೋಟಗಳಲ್ಲಿ ದುಡಿಯಲು ಬಂದ ಪರಭಾಷಿಕರಿಗೆ, ಓದು ಬಾರದ ಹಿರಿಯರಿಗೆ ಲಕೋಟೆಯ ಮೇಲೆ ಸೂರ್ಯ, ಚಂದ್ರರ ಚಿತ್ರ ಬರೆದು ಹೊತ್ತನ್ನು ತಿಳಿಸಿಕೊಡಿ. ಇದಕ್ಕೆ ತಗಲುವುದು ಅರ್ಧ ನಿಮಿಷ. ಉಳಿಯುವುದು ಒಂದು ಮನೆಯ ದುಡಿಮೆ, ಒಂದು ಜೀವ. ಔಷಧ ಕೊಡುವ ಕಾಯಕ ಪೂರ್ಣವಾಗುವುದು ಅದನ್ನು ತಿಳಿಸಿ ಕೊಟ್ಟಾಗಲೇ.