ಅಂತರ್ಜಲಕ್ಕೂ ಒಂದು ಮತಪೆಟ್ಟಿಗೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಡೆನಿಸನ್ ಪಟ್ಟಣದಲ್ಲಿ ರೈಲ್ವೆ ಕಂಪನಿಯೊಂದು 66 ಅಡಿ ಆಳದ ಬಾವಿ ತೋಡಿ ದಿನಕ್ಕೆ 25,000 ಗ್ಯಾಲನ್, ಅಂದರೆ ಸುಮಾರು 95,000 ಲೀಟರ್ ನೀರೆತ್ತತೊಡಗಿತು. ನೆರೆಮನೆಯ 33 ಅಡಿಯ ಬಾವಿ ಬತ್ತಿತು. 1904ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪಿತ್ತಿತು: ನೆಲದಡಿಯ ನೀರಿನ ಜಾಡು ನಿಗೂಢ, ಅದಕ್ಕೆ ಕಾನೂನಿನ ಕಟ್ಟುಪಾಡು ಹಾಕಲಾಗದು, ಎತ್ತಿದವನದೇ ನೀರು. ಈ ನಿಲುವಿನ ಬೇರು 1843ರ ಇಂಗ್ಲೆಂಡಿನ ತೀರ್ಪಿನಲ್ಲಿದೆ. ಭಾರತದ 1882ರ ಈಸ್‌ಮೆಂಟ್ ಕಾಯ್ದೆ ಭೂಮಾಲೀಕನಿಗೆ ಕೊಟ್ಟದ್ದೂ ಹೆಚ್ಚುಕಡಿಮೆ ಇದೇ ಹಕ್ಕನ್ನು.

ಊರಿನವರ ಕೈಗೆ ಕೀಲಿ

ಪಂಪುಗಳು ಹೆಚ್ಚಿದಂತೆ ಟೆಕ್ಸಾಸ್‌ನ ಉತ್ತರದ ಬಯಲಿನಲ್ಲಿ ಒಗಲಾಲ ಜಲಪದರದ ಮಟ್ಟ ಕುಸಿಯಿತು. ಸರ್ಕಾರ ತಮ್ಮ ಬಾವಿಗೆ ಬೀಗ ಹಾಕುವುದನ್ನು ರೈತರು ಒಪ್ಪುವಂತಿರಲಿಲ್ಲ. 1949ರ ಕಾನೂನು ನಡುದಾರಿ ಹುಡುಕಿತು: ಸ್ಥಳೀಯರೇ ಅಂತರ್ಜಲ ನಿರ್ವಹಣಾ ವಲಯ ರಚಿಸಿಕೊಳ್ಳಬಹುದು. ಮೊದಲನೆಯದು 1951ರಲ್ಲಿ ಲಬಕ್ ನಗರದ ಸುತ್ತ ಹುಟ್ಟಿತು. ಇಂದು ಅವು ನೂರರ ಆಸುಪಾಸಿನಲ್ಲಿವೆ. ಸಾಮಾನ್ಯವಾಗಿ ವಲಯ ಬೇಕೇ ಎಂಬುದನ್ನು ಮತದಾರರೇ ತೀರ್ಮಾನಿಸುತ್ತಾರೆ, ನಿರ್ದೇಶಕರನ್ನೂ ಆರಿಸುತ್ತಾರೆ. ತೆರಿಗೆ ಇಲ್ಲವೇ ಶುಲ್ಕದಿಂದ ಖರ್ಚು ನಡೆಯುತ್ತದೆ. ಬಾವಿ ಕೊರೆಯಲು ಪರವಾನಗಿ, ಬಾವಿಗಳ ನಡುವಿನ ಅಂತರ, ಎತ್ತುವ ನೀರಿನ ಮಿತಿ ಇವು ವಲಯದ ಅಧಿಕಾರ. ಹತ್ತು ಎಕರೆಗೂ ದೊಡ್ಡ ಜಮೀನಿನಲ್ಲಿ ಮನೆಬಳಕೆಗೆ, ದನಕರುಗಳಿಗೆ ಇರುವ ಸಣ್ಣ ಬಾವಿಗಳಿಗೆ ಪರವಾನಗಿ ಬೇಕಿಲ್ಲ. ಸಣ್ಣದೆಂದರೆ ಎಷ್ಟು? ದಿನಕ್ಕೆ 25,000 ಗ್ಯಾಲನ್! ಡೆನಿಸನ್‌ನಲ್ಲಿ ನೆರೆಯವರ ಬಾವಿ ಬತ್ತಿಸಿದ್ದೂ ಅಷ್ಟೇ ನೀರು.

ಗಡಿಯ ತೊಡಕು

ಬಹಳಷ್ಟು ವಲಯಗಳು ಕೌಂಟಿಯ, ಅಂದರೆ ಜಿಲ್ಲೆಯಂಥ ಘಟಕದ, ಗಡಿಗೆ ನಿಲ್ಲುತ್ತವೆ, ಜಲಪದರ ನಿಲ್ಲುವುದಿಲ್ಲ. ಈಚೆಯವರು ಉಳಿಸಿದ್ದನ್ನು ಆಚೆಯವರು ಎತ್ತಬಹುದು. ಹೀಗಾಗಿ ಒಂದೇ ಜಲಪದರವನ್ನು ಹಂಚಿಕೊಂಡ ವಲಯಗಳು ಕೂಡಿ ಕೂತು ಅದರ ಮುಂದಿನ ಸ್ಥಿತಿಯ ಗುರಿ ನಿಗದಿಮಾಡಬೇಕೆಂದು 2005ರಲ್ಲಿ ಶಾಸನ ಬಂತು. ಟೆಕ್ಸಾಸ್‌ನ ಅದೇ ನ್ಯಾಯಾಲಯದ 2012ರ ತೀರ್ಪು ಮತ್ತೊಂದು ಗಂಟು ಹಾಕಿತು: ನೆಲದಡಿಯ ನೀರು ಎತ್ತುವ ಮೊದಲೇ ಭೂಮಾಲೀಕನ ಆಸ್ತಿ. ಅತಿಯಾಗಿ ನಿರ್ಬಂಧಿಸಿದರೆ ಪರಿಹಾರದ ದಾವೆ ಎದುರಾದೀತು. ಬೆರಳೆಣಿಕೆಯ ಸಿಬ್ಬಂದಿಯ ಪುಟ್ಟ ವಲಯಕ್ಕೆ ಆ ಅಳುಕೇ ಸಾಕು.

ಒಗಲಾಲದ ಕುಸಿತ ಇಂದಿಗೂ ನಿಂತಿಲ್ಲ. ಆದ್ದರಿಂದ ಈ ಏರ್ಪಾಡನ್ನು ಯಶಸ್ಸೆನ್ನಲಾಗದು. ಆದರೂ ನೀರೆತ್ತುವವರೇ ಲೆಕ್ಕಕ್ಕೆ ಕೂರುವ ಜಾಗವೊಂದು ಅಲ್ಲಿದೆ, ಅದು ಸಣ್ಣ ಮಾತಲ್ಲ. ಕೋಲಾರದಲ್ಲಿ ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಸುವ ನಮ್ಮಲ್ಲೂ 2011ರ ಅಂತರ್ಜಲ ಕಾಯ್ದೆ ಇದೆ, ಜಿಲ್ಲಾ ಸಮಿತಿಗಳೂ ಇವೆ. ಆದರೆ ಅವುಗಳ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ರೈತರು ಮತ ಹಾಕಿ ಆರಿಸಿದ ಮಂಡಳಿಗಳಲ್ಲ ಅವು.