ಸ್ವರಲಿಪಿಯ ಹಾಳೆಯಲ್ಲಿ ಆವರ್ತದ ಅಂಕಿ

ನವೆಂಬರ್ ತಿಂಗಳು ಸಮೀಪಿಸುತ್ತಿದ್ದಂತೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರಲ್ಲಿ ರಾಜ್ಯೋತ್ಸವದ ಸಮೂಹಗಾಯನದ ಸಿದ್ಧತೆ ಆರಂಭವಾಗುತ್ತದೆ. ಅಭ್ಯಾಸಕ್ಕೆ ದೊರೆಯುವುದು ಭಾನುವಾರದ ಎರಡು ಗಂಟೆ ಮಾತ್ರ. ಅದರಲ್ಲಿಯೂ ಅರ್ಧ ಗಂಟೆಯನ್ನು ರೈಲ್ವೆಯ ಮೆಗಾಬ್ಲಾಕ್ ಕಸಿದುಕೊಳ್ಳುತ್ತದೆ. ಉಳಿದ ಅವಧಿಯಲ್ಲಿ ‘ಎಲ್ಲಿಂದ ಹಾಡಬೇಕು?’ ಎಂಬ ಪ್ರಶ್ನೆಗೇ ಕಾಲವ್ಯಯವಾಗಬಾರದು ಎಂಬುದು ಈ ಲೇಖನದ ಕಾಳಜಿ.

ಗಣಕಯಂತ್ರದ ಅಲ್ಪಪರಿಚಯವಿದ್ದ ತಪ್ಪಿಗೆ ನಮ್ಮ ಗಾಯನವೃಂದದ ಹಾಳೆಗಳನ್ನು ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ಹಿರಿಯರಿಗೆ ಕನ್ನಡ ಸ್ವರಲಿಪಿ, ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ದೇವನಾಗರಿ, ಕೀಬೋರ್ಡ್ ನುಡಿಸುವ ತರುಣನಿಗೆ ಪಾಶ್ಚಾತ್ಯ ಸ್ಟಾಫ್ ನೊಟೇಶನ್, ಹೀಗೆ ಒಂದೇ ಹಾಡಿಗೆ ಮೂರು ಪ್ರತಿಗಳು. ಹಿರಿಯರ ಅನುಕೂಲಕ್ಕೆಂದು ಅವರ ಪ್ರತಿಯ ಅಕ್ಷರಗಳನ್ನು ದೊಡ್ಡದು ಮಾಡಿದೆ. ಅಕ್ಷರ ಹಿಗ್ಗಿದೊಡನೆ ಸಾಲುಗಳು ಮುರಿದು ಕೆಳಗಿಳಿದವು. ನಿರ್ದೇಶಕರು “ನಾಲ್ಕನೆಯ ಸಾಲಿನಿಂದ” ಎಂದಾಗ ಮಕ್ಕಳು ಒಂದೆಡೆ, ಹಿರಿಯರು ಇನ್ನೊಂದೆಡೆ, ಕೀಬೋರ್ಡ್ ಮತ್ತೊಂದೆಡೆ ಆರಂಭಿಸಿದರು. ಎರಡು ಮೂರು ಬಾರಿ ಹೀಗಾದ ಮೇಲೆ ಧಾರವಾಡ ಕಡೆಯ ಹಿರಿಯ ಗಾಯಕಿಯೊಬ್ಬರು ಹಾಳೆಯನ್ನು ಮಡಿಚಿಟ್ಟು, “ನನ್ನ ಕಣ್ಣು ಸರಿಯಾಗಿ ಕಾಣೂದಿಲ್ರಿ, ಇನ್ನ ನೀವ ಹಾಡ್ರಿ” ಎಂದರು. ದೋಷ ಅವರ ಕಣ್ಣಿನದಾಗಿರಲಿಲ್ಲ, ನನ್ನ ಹಾಳೆಯದಾಗಿತ್ತು.

ಸಾಲು ಹಾಳೆಗೆ ಸೇರಿದ್ದು. ಆವರ್ತ ಹಾಡಿಗೆ ಸೇರಿದ್ದು. ಅಕ್ಷರದ ಗಾತ್ರ, ಲಿಪಿ, ಕಾಗದದ ಅಳತೆ ಯಾವುದು ಬದಲಾದರೂ ಒಂಬತ್ತನೆಯ ಆವರ್ತ ಒಂಬತ್ತನೆಯದಾಗಿಯೇ ಉಳಿಯುತ್ತದೆ. ಆದುದರಿಂದ ಅಂಕಿಯನ್ನು ಕೊಡಬೇಕಾದುದು ಆವರ್ತಕ್ಕೆ.

ಪಾಶ್ಚಾತ್ಯ ಸಂಗೀತದವರು ಈ ತೊಡಕನ್ನು ಬಾರ್ ಸಂಖ್ಯೆಯಿಂದ ನಿವಾರಿಸಿಕೊಂಡಿದ್ದಾರೆ. 1996ರಲ್ಲಿ ಆರಂಭವಾದ ಲಿಲಿಪಾಂಡ್ ಹಾಗೂ ಬಹುಬಳಕೆಯ ಮ್ಯೂಸ್‌ಸ್ಕೋರ್ ಎಂಬ ಎರಡು ಉಚಿತ ತಂತ್ರಾಂಶಗಳೂ ಪ್ರತಿ ಸಾಲಿನ ಆರಂಭದಲ್ಲಿ, ರೇಖೆಗಳ ಮೇಲೆ ಎಡತುದಿಯಲ್ಲಿ, ಚಿಕ್ಕ ಅಂಕಿಯನ್ನು ತಾವಾಗಿಯೇ ಮುದ್ರಿಸುತ್ತವೆ. ಮೊದಲ ಸಾಲಿಗೆ ಅಂಕಿ ಇರುವುದಿಲ್ಲ. ಅದು 1 ಎಂಬುದು ಸ್ಪಷ್ಟವಷ್ಟೆ. ಏಕಾಂಗಿಯಾಗಿ ನುಡಿಸುವವರಿಗೆ ಇಷ್ಟು ಸಾಕು. ಆದರೆ ಗುಂಪಿನ ಅಭ್ಯಾಸಕ್ಕೆ ಪ್ರತಿ ಬಾರಿಗೂ ಅಂಕಿ ಇರುವುದೇ ಲೇಸು. ಎರಡು ತಂತ್ರಾಂಶಗಳಲ್ಲಿಯೂ ಅದಕ್ಕೆ ಅವಕಾಶವಿದೆ. ಅಂಕಿಯ ಗಾತ್ರವನ್ನೂ ಸ್ಥಾನವನ್ನೂ ಬದಲಾಯಿಸಬಹುದು, ಸುತ್ತಲೂ ಚೌಕಟ್ಟು ಹಾಕಬಹುದು. ಚೌಕಟ್ಟನ್ನು ಮಾತ್ರ ಪಲ್ಲವಿ, ಚರಣಗಳ ಗುರುತಿಗೆ ಮೀಸಲಿಡುವುದು ಉತ್ತಮವೆಂದು ನನ್ನ ಅಭಿಪ್ರಾಯ.

ನಮ್ಮ ಸ್ವರಲಿಪಿಯಲ್ಲಿ ಅಂಕಿಗೆ ಸ್ಥಳ ಹುಡುಕುವುದೇ ಕಷ್ಟ. ಭಾತಖಂಡೆ ಪದ್ಧತಿಯಲ್ಲಿ ಸ್ವರಗಳ ಕೆಳಗೆ ಸಮಕ್ಕೆ ಗುಣಾಕಾರ ಚಿಹ್ನೆ, ತಾಳಿಗೆ 2, 3, ಖಾಲಿಗೆ 0 ಈಗಾಗಲೇ ಕುಳಿತಿರುತ್ತವೆ. ಕೋಮಲ ಸ್ವರದ ಅಡಿಗೆರೆ, ಮಂದ್ರದ ಚುಕ್ಕೆಗಳೂ ಅಲ್ಲಿಯೇ. ಮೇಲೆ ಇಡೋಣವೆಂದರೆ ತಾರಸ್ಥಾಯಿಯ ಚುಕ್ಕೆ ಅಡ್ಡ ಬರುತ್ತದೆ. ಆವರ್ತದ 3 ಎಂಬುದನ್ನು ತಬಲಾವಾದಕರು ಮೂರನೆಯ ತಾಳಿಯೆಂದು ಓದಿದರೆ ಅವರನ್ನು ದೂರುವಂತಿಲ್ಲ. ಕನ್ನಡ ಅಂಕಿಗಳನ್ನೇ ಬಳಸಬೇಕೆಂಬ ಅಭಿಮಾನ ನನಗೂ ಇತ್ತು; ಆದರೆ ಸಣ್ಣ ಮುದ್ರಣದಲ್ಲಿ ‘೧’ ಗಾಂಧಾರದ ‘ಗ’ದಂತೆ ಕಾಣುತ್ತದೆ, ‘೦’ ಅನುಸ್ವಾರವೇ ಆಗಿಬಿಡುತ್ತದೆ. ಮೂರು ಪ್ರತಿಗಳಲ್ಲಿಯೂ 1, 2, 3 ಎಂಬ ಅಂಕಿಗಳೇ ಇದ್ದರೆ ಮಕ್ಕಳಿಗೂ ತೊಡಕಿಲ್ಲ.

ನಾನು ಕಂಡುಕೊಂಡ ಉಪಾಯವೆಂದರೆ ಕೋಷ್ಟಕ. ಆದಿತಾಳಕ್ಕೆ ಎಂಟು ಕಂಬಗಳು. ನಾಲ್ಕು ಮತ್ತು ಆರರ ನಂತರ ತುಸು ದಪ್ಪ ಗೆರೆ. ಒಂದು ಅಡ್ಡಸಾಲಿಗೆ ಒಂದೇ ಆವರ್ತ. ಎಡ ಅಂಚಿನಲ್ಲಿ ಗೆರೆಯಿಲ್ಲದ ಕಿರಿದಾದ ಒಂಬತ್ತನೆಯ ಕಂಬ, ಅಂಕಿಗೆಂದೇ. ಬ್ಯಾಂಕಿನ ಹಳೆಯ ಲೆಡ್ಜರುಗಳಲ್ಲಿ ಪುಟಸಂಖ್ಯೆಗೆ ಪ್ರತ್ಯೇಕ ಅಂಕಣವಿದ್ದುದನ್ನು ಕಂಡವರಿಗೆ ಇದು ಹೊಸದೇನಲ್ಲ. ಅಂಕಿಯು ಸ್ವರಕ್ಕಿಂತ ಚಿಕ್ಕದಾಗಿ, ತೆಳುವಾಗಿ ಇರಲಿ. ಅದನ್ನು ಕೈಯಿಂದ ಬೆರಳಚ್ಚು ಮಾಡದೆ, ತಾನಾಗಿಯೇ ಎಣಿಸಿಕೊಳ್ಳುವಂತೆ ಅಳವಡಿಸಬೇಕು. ಇಲ್ಲದಿದ್ದರೆ ನಡುವೆ ಒಂದು ಆವರ್ತ ಸೇರಿದರೂ ಮುಂದಿನದೆಲ್ಲ ತಪ್ಪಾಗುತ್ತದೆ.

ಎಣಿಕೆಯಲ್ಲಿ ಕೆಲವು ಸೂಕ್ಷ್ಮಗಳಿವೆ. ಸಮಕ್ಕೆ ಮುಂಚೆಯೇ ಹಾಡು ಎತ್ತಿಕೊಂಡರೆ ಆ ತುಣುಕಿಗೆ ಅಂಕಿಯಿಲ್ಲ. ಮೊದಲ ಪೂರ್ಣ ಆವರ್ತವೇ 1. ಸಮದ ನಂತರ ಎತ್ತಿಕೊಂಡರೆ ಆರಂಭದ ಬಿಡುವೂ ಆವರ್ತಕ್ಕೆ ಸೇರಿದ್ದರಿಂದ ಅದೇ 1. ಪಲ್ಲವಿಯ ಸಂಗತಿಗಳಿಗೆ 1ಅ, 1ಆ ಎಂದು ಕೊಟ್ಟರೆ ಕೊನೆಯ ಕ್ಷಣದಲ್ಲಿ ಒಂದು ಸಂಗತಿಯನ್ನು ಬಿಟ್ಟರೂ ಉಳಿದ ಎಣಿಕೆ ಕೆಡುವುದಿಲ್ಲ. ಪುನರಾವರ್ತನೆಯ ಭಿನ್ನ ಮುಕ್ತಾಯಗಳಿಗೆ ಹೀಗೆ ಅಂಕಿಯೊಡನೆ ಅಕ್ಷರ ಸೇರಿಸುವ ಸೌಲಭ್ಯ ಲಿಲಿಪಾಂಡಿನಲ್ಲಿಯೂ ಇದೆ.

ನನ್ನನ್ನು ಹೆಚ್ಚು ಕಾಡಿದ್ದು ಕೀಬೋರ್ಡಿನ ಪ್ರತಿ. ಆದಿತಾಳದ ಎಂಟು ಅಕ್ಷರಗಳನ್ನು ನಾಲ್ಕು ನಾಲ್ಕರ ಬಾರುಗಳಾಗಿ ಬರೆದರೆ ಒಂದು ಆವರ್ತ ಎರಡು ಬಾರ್ ಆಗುತ್ತದೆ. ನಮ್ಮ ಐದನೆಯ ಆವರ್ತ ಆ ತರುಣನಿಗೆ ಒಂಬತ್ತನೆಯ ಬಾರ್! ಬಾರಿನ ಅಳತೆಯನ್ನೇ ಎಂಟಕ್ಕೆ ಏರಿಸಿ, ನಡುವೆ ಚುಕ್ಕೆಗೆರೆಯೊಂದನ್ನು ಎಳೆದರೆ ಸಮಸ್ಯೆ ಪರಿಹಾರವಾಗುತ್ತದೆ. ಹಾಗೆ ಕೈಯಿಂದ ಸೇರಿಸಿದ ಗೆರೆಯನ್ನು ಎರಡೂ ತಂತ್ರಾಂಶಗಳು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ.

ಝೆರಾಕ್ಸ್ ಮಾಡಿಸುವ ಮುನ್ನ ಮೂರೂ ಪ್ರತಿಗಳ ಕೊನೆಯ ಅಂಕಿಯನ್ನು ತಾಳೆ ನೋಡಬೇಕು. ಒಂದು ಅಂಕಿ ಹೆಚ್ಚುಕಡಿಮೆಯಾದರೂ ಎಲ್ಲಿಯೋ ಒಂದು ಆವರ್ತ ತಪ್ಪಿದೆಯೆಂದೇ ಅರ್ಥ. ದಿನದ ಕೊನೆಗೆ ನಗದು ತಾಳೆಯಾಗದೆ ಮನೆಗೆ ಹೋಗಲಾಗದ ನಮ್ಮಂಥವರಿಗೆ ಇದು ಅಭ್ಯಾಸದ ಕೆಲಸ.

ಮರುಭಾನುವಾರ ಹೊಸ ಹಾಳೆಗಳನ್ನು ಹಂಚಿದೆ. ಹಿರಿಯರ ಪ್ರತಿ ನಾಲ್ಕು ಪುಟ, ಮಕ್ಕಳದು ಎರಡು. ನಿರ್ದೇಶಕರು “ಒಂಬತ್ತರಿಂದ” ಎಂದರು. ಎಲ್ಲರಿಗಿಂತ ಮೊದಲು ದನಿಯೆತ್ತಿದವರು ಧಾರವಾಡದ ಆ ತಾಯಿಯೇ.