ಹತ್ತಕ್ಕೆ ಹತ್ತು

1976ನೆಯ ಇಸವಿ ಜುಲೈ ತಿಂಗಳ 18ನೆಯ ದಿನ. ಕೆನಡಾ ದೇಶದ ಮಾಂಟ್ರಿಯಲ್ ನಗರದ ಕ್ರೀಡಾಮಂದಿರದಲ್ಲಿ ಸಹಸ್ರಾರು ಜನ ನೆರೆದಿದ್ದರು. ಒಲಿಂಪಿಕ್ ಕ್ರೀಡಾಕೂಟದ ಜಿಮ್ನಾಸ್ಟಿಕ್ಸ್ ಸ್ಪರ್ಧೆಗಳು ಅಂದು ಆರಂಭವಾಗಿದ್ದವು. ಬಿಳಿಯ ಉಡುಪನ್ನು ತೊಟ್ಟು, ಕೂದಲನ್ನು ಎತ್ತಿ ಕಟ್ಟಿದ್ದ ಹದಿನಾಲ್ಕು ವರ್ಷದ ಬಾಲೆಯೊಬ್ಬಳು ಒಂದು ಎತ್ತರ, ಒಂದು ತಗ್ಗಾಗಿ ನಿಲ್ಲಿಸಿದ್ದ ಎರಡು ಕಂಬಿಗಳ ಬಳಿಗೆ ಬಂದಳು. ಕಂಬಿಯನ್ನು ಹಿಡಿದು ತೂಗಿದಳು. ಒಂದರಿಂದ ಇನ್ನೊಂದಕ್ಕೆ ಹಾರಿದಳು. ಕೈಗಳ ಮೇಲೆ ನೆಟ್ಟಗೆ ನಿಂತಳು. ಕೊನೆಗೆ ಗಾಳಿಯಲ್ಲಿ ತೇಲಿಬಂದವಳಂತೆ ನೆಲಕ್ಕಿಳಿದು ಕದಲದೆ ನಿಂತಳು. ಎಲ್ಲರ ಕಣ್ಣುಗಳೂ ಅಂಕಫಲಕದತ್ತ ಹೊರಳಿದವು. ಅಲ್ಲಿ ಮೂಡಿದ ಅಂಕ 1.00.

ಪ್ರೇಕ್ಷಕರು ಬೆರಗಾದರು. ಇಂತಹ ಸೊಗಸಾದ ಪ್ರದರ್ಶನಕ್ಕೆ ಒಂದೇ ಒಂದು ಅಂಕವೇ? ನಿಜಸಂಗತಿ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂಕಫಲಕವನ್ನು ಮೂರು ಅಂಕೆಗಳನ್ನು ಮಾತ್ರ ತೋರಿಸುವಂತೆ ನಿರ್ಮಿಸಲಾಗಿತ್ತು. 9.95ರವರೆಗೆ ಅದು ಸರಿಯಾಗಿ ತೋರಿಸಬಲ್ಲದಾಗಿತ್ತು; 10.00ನ್ನು ತೋರಿಸಲು ಅದರಲ್ಲಿ ಎಡೆಯೇ ಇರಲಿಲ್ಲ. ಪೂರ್ಣಾಂಕವನ್ನು ತೋರಿಸಬೇಕಾದ ಸಂದರ್ಭ ಬಂದೀತೆಂದು ಅದನ್ನು ಸಿದ್ಧಪಡಿಸಿದವರು ಎಣಿಸಿರಲಿಲ್ಲ. ಆ ಬಾಲೆ ಪಡೆದಿದ್ದುದು ಹತ್ತಕ್ಕೆ ಹತ್ತು. ಆಧುನಿಕ ಒಲಿಂಪಿಕ್ ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ ಮಹಿಳೆಯೊಬ್ಬಳಿಗೆ ದೊರೆತ ಮೊದಲ ಪೂರ್ಣಾಂಕ ಅದು. ಆಕೆಯ ಹೆಸರು ನಾದಿಯಾ ಕೊಮನೆಚಿ.

ಜಿಮ್ನಾಸ್ಟಿಕ್ಸ್ ಎಂಬುದು ಅಂಗಸಾಧನೆಯ ಒಂದು ಪ್ರಕಾರ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೀಡ್ರಿಖ್ ಲುಡ್ವಿಗ್ ಯಾನ್ ಎಂಬ ಶಿಕ್ಷಕನು ಬರ್ಲಿನ್ ನಗರದ ಬಳಿ, ಬಯಲಿನಲ್ಲಿ ವ್ಯಾಯಾಮಶಾಲೆಯೊಂದನ್ನು ತೆರೆದನು. ಇಂದು ನಾವು ಕಾಣುವ ಕಂಬಿಗಳ ಮೇಲಿನ ಕಸರತ್ತುಗಳು ಬೆಳೆದುಬಂದುದು ಇಂತಹ ಶಾಲೆಗಳಲ್ಲಿ. 1896ರಲ್ಲಿ ಅಥೆನ್ಸ್ ನಗರದಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ ಕ್ರೀಡಾಕೂಟದಲ್ಲಿಯೇ ಪುರುಷರ ಜಿಮ್ನಾಸ್ಟಿಕ್ಸ್ ಸೇರಿತ್ತು. ಮಹಿಳೆಯರಿಗೆ ಆ ಅವಕಾಶ ದೊರೆತುದು 1928ರಲ್ಲಿ.

ಕಲಾತ್ಮಕ ಜಿಮ್ನಾಸ್ಟಿಕ್ಸ್‌ನಲ್ಲಿ ಪುರುಷರಿಗೆ ಆರು, ಮಹಿಳೆಯರಿಗೆ ನಾಲ್ಕು ವಿಭಾಗಗಳಿವೆ. ನೆಲದ ಮೇಲಿನ ವ್ಯಾಯಾಮ ಹಾಗೂ ವಾಲ್ಟ್ ಎಂಬ ನೆಗೆತ ಇಬ್ಬರಿಗೂ ಉಂಟು. ಪುರುಷರು ಇವುಗಳ ಜೊತೆಗೆ ಹಿಡಿಗಳುಳ್ಳ ಕುದುರೆ, ತೂಗಾಡುವ ಉಂಗುರಗಳು, ಸಮಾಂತರ ಕಂಬಿಗಳು ಮತ್ತು ಒಂಟಿ ಕಂಬಿಯ ಮೇಲೆ ತಮ್ಮ ಸಾಮರ್ಥ್ಯವನ್ನು ತೋರಬೇಕು. ಮಹಿಳೆಯರಿಗೆ ಅಸಮ ಕಂಬಿಗಳೂ ಸಮತೋಲನದ ತೊಲೆಯೂ ಇರುತ್ತವೆ. ಈ ತೊಲೆಯ ಉದ್ದ ಐದು ಮೀಟರ್. ಅಗಲವಾದರೋ ಕೇವಲ ಹತ್ತು ಸೆಂಟಿಮೀಟರ್, ಅಂದರೆ ಅಂಗೈಯ ಅಗಲದಷ್ಟು. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುವ ಆ ಇಕ್ಕಟ್ಟಾದ ದಾರಿಯಲ್ಲಿ ನಡೆಯುವುದೇ ಕಷ್ಟ. ಸ್ಪರ್ಧಾಳು ಅದರ ಮೇಲೆ ಓಡಬೇಕು, ಕುಣಿಯಬೇಕು, ಹಿಮ್ಮುಖವಾಗಿ ಲಾಗ ಹಾಕಬೇಕು. ಆದರೂ ಮುಖದಲ್ಲಿ ಆಯಾಸದ ಗೆರೆಯೊಂದೂ ಕಾಣಬಾರದು. ಬಲ, ಸಮತೋಲನ, ಸೊಬಗು ಈ ಮೂರೂ ಒಂದುಗೂಡಿದಾಗಲೇ ಈ ಕ್ರೀಡೆ ಕಲೆಯೆನಿಸುತ್ತದೆ.

ಓಟದಲ್ಲಿ ಗೆದ್ದವರಾರೆಂಬುದನ್ನು ಗಡಿಯಾರ ಹೇಳುತ್ತದೆ; ಎತ್ತರ ಜಿಗಿತದಲ್ಲಿ ಅಳತೆಪಟ್ಟಿ ಹೇಳುತ್ತದೆ. ಜಿಮ್ನಾಸ್ಟಿಕ್ಸ್‌ನಲ್ಲಿ ಸೊಬಗನ್ನು ಅಳೆಯುವವರು ಮನುಷ್ಯರೇ. ಮಾಂಟ್ರಿಯಲ್‌ನ ಕಾಲದಲ್ಲಿ ನಾಲ್ವರು ತೀರ್ಪುಗಾರರು ಪ್ರತ್ಯೇಕವಾಗಿ ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಿದ್ದರು. ಅವುಗಳಲ್ಲಿ ಅತ್ಯಂತ ಹೆಚ್ಚಿನದನ್ನೂ ಅತ್ಯಂತ ಕಡಿಮೆಯದನ್ನೂ ಬಿಟ್ಟು, ಉಳಿದ ಎರಡರ ಸರಾಸರಿಯನ್ನು ತೆಗೆಯುತ್ತಿದ್ದರು. ಮೊಣಕಾಲು ತುಸು ಬಾಗಿದರೆ, ಪಾದಗಳು ಬೇರ್ಪಟ್ಟರೆ, ನೆಲಕ್ಕಿಳಿದಾಗ ಒಂದು ಹೆಜ್ಜೆ ಜರುಗಿದರೆ ಅಂಕದ ಹತ್ತನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಕಡಿತವಾಗುತ್ತಿತ್ತು. ಹೀಗೆ ತಪ್ಪುಗಳನ್ನು ಎಣಿಸುತ್ತ ಹೋಗುವ ಕಣ್ಣುಗಳಿಗೆ ಕಳೆಯಲು ಏನೂ ಸಿಕ್ಕದಿದ್ದರೆ ಮಾತ್ರ ಹತ್ತು ಉಳಿಯುತ್ತಿತ್ತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಂದಿನ ಸ್ಪರ್ಧೆಗಳಲ್ಲಿ ಕಡ್ಡಾಯ ಮತ್ತು ಐಚ್ಛಿಕ ಎಂಬ ಎರಡು ಸುತ್ತುಗಳಿದ್ದವು. ಐಚ್ಛಿಕ ಸುತ್ತಿನಲ್ಲಿ ಸ್ಪರ್ಧಾಳುಗಳು ತಾವೇ ಹೆಣೆದುಕೊಂಡ ಕಸರತ್ತುಗಳನ್ನು ತೋರಬಹುದಾಗಿತ್ತು. ಕಡ್ಡಾಯ ಸುತ್ತಿನಲ್ಲಿ ಎಲ್ಲರೂ ಮೊದಲೇ ಗೊತ್ತುಪಡಿಸಿದ ಒಂದೇ ಕ್ರಮವನ್ನು ಮಾಡಬೇಕಾಗಿತ್ತು. 1996ರ ಒಲಿಂಪಿಕ್ ಕೂಟದ ಬಳಿಕ ಈ ಕಡ್ಡಾಯ ಸುತ್ತನ್ನು ಕೈಬಿಡಲಾಯಿತು. ನಾದಿಯಾ ತನ್ನ ಮೊದಲ ಹತ್ತನ್ನು ಗಳಿಸಿದುದು ಈ ಕಡ್ಡಾಯ ಸುತ್ತಿನಲ್ಲಿಯೇ. ಆಕೆ ಅಂದು ಮಾಡಿದುದು ಯಾರೂ ಕಾಣದ ಹೊಸ ಸಾಹಸವಲ್ಲ. ಎಲ್ಲರೂ ಮಾಡಿದುದನ್ನೇ ಆಕೆಯೂ ಮಾಡಿದಳು. ಆದರೆ ಒಂದು ಕುಂದೂ ಇಲ್ಲದಂತೆ ಮಾಡಿದಳು. ಶ್ರೇಷ್ಠತೆ ಇರುವುದು ಕೆಲಸದ ಹೊಸತನದಲ್ಲಿ ಮಾತ್ರವಲ್ಲ, ಅದನ್ನು ಮಾಡುವ ಅಚ್ಚುಕಟ್ಟಿನಲ್ಲಿಯೂ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ವಿರಳ.

ನಾದಿಯಾ 1961ರ ನವೆಂಬರ್ 12ರಂದು ರುಮೇನಿಯಾ ದೇಶದ ಒನೆಷ್ಟಿ ಎಂಬ ಊರಿನಲ್ಲಿ ಜನಿಸಿದಳು. ಬೇಲಾ ಕರೋಯಿ ಮತ್ತು ಮಾರ್ತಾ ಕರೋಯಿ ಎಂಬ ದಂಪತಿಗಳು ಆಕೆಯ ತರಬೇತುದಾರರು. ಎಳೆಯ ವಯಸ್ಸಿನಲ್ಲಿಯೇ ಆರಂಭವಾದ ಅಭ್ಯಾಸ ವರುಷಗಟ್ಟಲೆ ನಡೆಯಿತು. 1975ರಲ್ಲಿ ನಾರ್ವೆ ದೇಶದಲ್ಲಿ ನಡೆದ ಯೂರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಆಕೆ ಐದು ಚಿನ್ನದ ಪದಕಗಳಲ್ಲಿ ನಾಲ್ಕನ್ನು ಗೆದ್ದಾಗ, ಬಲ್ಲವರು ಈ ಹುಡುಗಿಯ ಹೆಸರನ್ನು ಗುರುತಿಟ್ಟುಕೊಂಡಿದ್ದರು. ಮಾಂಟ್ರಿಯಲ್‌ನ ಆ ಕ್ಷಣ ಆಕಸ್ಮಿಕವಾಗಿ ಒದಗಿದ್ದಲ್ಲ.

ಮುಂದಿನ ದಿನಗಳಲ್ಲಿ ನಾದಿಯಾ ಮತ್ತೆ ಮತ್ತೆ ಹತ್ತನ್ನು ಗಳಿಸಿದಳು. ಅಸಮ ಕಂಬಿಗಳ ಮೇಲೆ ನಾಲ್ಕು ಬಾರಿ, ತೊಲೆಯ ಮೇಲೆ ಮೂರು ಬಾರಿ, ಒಟ್ಟು ಏಳು ಬಾರಿ. ಸಮಗ್ರ ಸ್ಪರ್ಧೆಯಲ್ಲಿ 79.275 ಅಂಕಗಳೊಡನೆ ಪ್ರಥಮ ಸ್ಥಾನ ಆಕೆಯದಾಯಿತು. ಸೋವಿಯತ್ ಒಕ್ಕೂಟದ ನೆಲ್ಲಿ ಕಿಮ್ 78.675 ಅಂಕಗಳಿಂದ ಎರಡನೆಯವಳಾಗಿಯೂ, ಅದೇ ಒಕ್ಕೂಟದ ಲುದ್ಮಿಲಾ ತುರಿಶ್ಚೆವಾ 78.625 ಅಂಕಗಳಿಂದ ಮೂರನೆಯವಳಾಗಿಯೂ ಬಂದರು. ಅಸಮ ಕಂಬಿಗಳ ಹಾಗೂ ತೊಲೆಯ ಚಿನ್ನದ ಪದಕಗಳೂ ನಾದಿಯಾಳಿಗೆ ಸಂದವು. ನೆಲ್ಲಿ ಕಿಮ್ ವಾಲ್ಟ್ ಮತ್ತು ನೆಲದ ವ್ಯಾಯಾಮಗಳೆರಡರಲ್ಲಿಯೂ ಪೂರ್ಣಾಂಕ ಗಳಿಸಿ ಆ ಎರಡು ಚಿನ್ನದ ಪದಕಗಳನ್ನು ಪಡೆದಳು. ತಂಡಗಳ ಸ್ಪರ್ಧೆಯಲ್ಲಿ ಸೋವಿಯತ್ ಒಕ್ಕೂಟ ಮೊದಲನೆಯದಾಯಿತು. ರುಮೇನಿಯಾ ಎರಡನೆಯ, ಪೂರ್ವ ಜರ್ಮನಿ ಮೂರನೆಯ ಸ್ಥಾನ ಗಳಿಸಿದವು.

ಸಮಗ್ರ ಸ್ಪರ್ಧೆಯ ಗರಿಷ್ಠ ಅಂಕ 80 ಆಗಿತ್ತು. ಏಳು ಬಾರಿ ಪೂರ್ಣಾಂಕ ಪಡೆದ ನಾದಿಯಾಳೂ ಅದರಲ್ಲಿ 0.725 ಅಂಕಗಳನ್ನು ಕಳೆದುಕೊಂಡಿದ್ದಳು. ಪರಿಪೂರ್ಣತೆ ಕೆಲವು ಕ್ಷಣಗಳಿಗೆ ಒಲಿಯಬಹುದು; ಅದನ್ನು ಸದಾಕಾಲ ಹಿಡಿದಿಟ್ಟುಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ.

ಅದೇ ಕ್ರೀಡಾಮಂದಿರದಲ್ಲಿ ಅದೇ ದಿನಗಳಲ್ಲಿ ಪುರುಷರ ಸ್ಪರ್ಧೆಗಳೂ ನಡೆದಿದ್ದವು. 1960ರಿಂದ ನಾಲ್ಕು ಒಲಿಂಪಿಕ್ ಕೂಟಗಳಲ್ಲಿ ಜಪಾನ್ ಸತತವಾಗಿ ತಂಡದ ಪ್ರಶಸ್ತಿಯನ್ನು ಗೆದ್ದಿತ್ತು. ಈ ಬಾರಿ ಸೋವಿಯತ್ ಒಕ್ಕೂಟ ಪ್ರಬಲ ಪ್ರತಿಸ್ಪರ್ಧಿಯಾಗಿತ್ತು. ಸಾಲದುದಕ್ಕೆ, ಜಪಾನಿನ ಹೆಸರಾಂತ ಪಟು ಶಿಗೆರು ಕಸಮತ್ಸು ಅಪೆಂಡಿಸೈಟಿಸ್ ಬೇನೆಗೆ ತುತ್ತಾಗಿ ತಂಡದಿಂದ ಹೊರಗುಳಿಯಬೇಕಾಯಿತು. ತಂಡದಲ್ಲಿ ಆರು ಮಂದಿ ಇರುತ್ತಿದ್ದರು. ಪ್ರತಿಯೊಂದು ವಿಭಾಗದಲ್ಲಿಯೂ ಉತ್ತಮ ಐವರ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಆದುದರಿಂದ ಒಬ್ಬನು ಎಡವಿದರೂ ತಂಡ ಉಳಿಯಬಹುದಾಗಿತ್ತು. ಆರನೆಯವನೇ ಇಲ್ಲವಾದರೆ ಉಳಿದ ಐವರಲ್ಲಿ ಯಾರೂ ಎಡವುವಂತಿರಲಿಲ್ಲ.

ತಂಡದ ಸದಸ್ಯರಲ್ಲಿ ಶುನ್ ಫುಜಿಮೊತೊ ಒಬ್ಬನು. ನೆಲದ ವ್ಯಾಯಾಮವನ್ನು ಮಾಡುವಾಗ ಆತನ ಮೊಣಕಾಲ ಚಿಪ್ಪು ಮುರಿಯಿತು. ಸಂಗಡಿಗರ ಧೈರ್ಯ ಕುಗ್ಗೀತೆಂದು ಆತನು ನೋವನ್ನು ಹೊರಗೆ ತೋರಗೊಡಲಿಲ್ಲ. ಅದೇ ಕಾಲಿನಿಂದ ಹಿಡಿಗಳುಳ್ಳ ಕುದುರೆಯ ಮೇಲಿನ ಕಸರತ್ತನ್ನು ಮುಗಿಸಿ 9.5 ಅಂಕಗಳನ್ನು ಪಡೆದನು. ಅನಂತರ ಉಂಗುರಗಳ ಸರದಿ ಬಂದಿತು. ಉಂಗುರಗಳಲ್ಲಿ ತೂಗುವಾಗ ಭಾರವೆಲ್ಲ ತೋಳುಗಳ ಮೇಲೆ ಬೀಳುತ್ತದೆ; ಕಾಲಿಗೆ ಅಷ್ಟು ತೊಂದರೆಯಿಲ್ಲ. ಆದರೆ ಕೊನೆಯಲ್ಲಿ ಸುಮಾರು ಎಂಟು ಅಡಿ ಎತ್ತರದಿಂದ ಲಾಗ ಹಾಕಿ ಎರಡು ಕಾಲುಗಳ ಮೇಲೆ ಇಳಿಯಲೇಬೇಕು. ಫುಜಿಮೊತೊ ಇಳಿದನು. ಮುರಿದ ಮೊಣಕಾಲು ಇನ್ನಷ್ಟು ಘಾಸಿಗೊಂಡಿತು. ಆದರೂ ಹಲ್ಲು ಕಚ್ಚಿ ಕೈಗಳನ್ನೆತ್ತಿ ನಿಂತು, ಬಳಿಕವೇ ಕುಸಿದನು. ಆತನಿಗೆ ದೊರೆತ ಅಂಕ 9.7.

ಮುಂದೆ ಸ್ಪರ್ಧಿಸುವುದು ಆತನಿಗೆ ಸಾಧ್ಯವಾಗಲಿಲ್ಲ. ಉಳಿದ ಐವರೇ ಸ್ಪರ್ಧೆಯನ್ನು ಕೊನೆಮುಟ್ಟಿಸಿದರು. ಜಪಾನ್ 576.85 ಅಂಕಗಳನ್ನೂ, ಸೋವಿಯತ್ ಒಕ್ಕೂಟ 576.45 ಅಂಕಗಳನ್ನೂ ಗಳಿಸಿದ್ದವು. ಅಂತರ ಕೇವಲ 0.40. ಜಪಾನಿಗೆ ಸತತ ಐದನೆಯ ಬಾರಿ ಚಿನ್ನದ ಪದಕ ದೊರೆಯಿತು. ವೈಯಕ್ತಿಕ ಸ್ಪರ್ಧೆಗಳಲ್ಲಿ ಸೋವಿಯತ್ ಒಕ್ಕೂಟದ ನಿಕೊಲಾಯ್ ಆಂದ್ರಿಯಾನೊವ್ ಮೇಲುಗೈ ಪಡೆದನು. ಸಮಗ್ರ ಪ್ರಶಸ್ತಿಯೂ ಸೇರಿದಂತೆ ನಾಲ್ಕು ಚಿನ್ನ, ಎರಡು ಬೆಳ್ಳಿ, ಒಂದು ಕಂಚು, ಹೀಗೆ ಏಳು ಪದಕಗಳು ಆ ಕೂಟದಲ್ಲಿ ಆತನವಾದವು.

ಅಂಕಫಲಕದಲ್ಲಿ ಫುಜಿಮೊತೊವಿನ ಹೆಸರಿನ ಮುಂದೆ ಮೂಡಿದುದು 9.7 ಮಾತ್ರ. ಆ ಅಂಕದ ಹಿಂದಿದ್ದ ನೋವನ್ನು ತೋರಿಸಲು ಫಲಕದಲ್ಲಿ ಎಡೆಯಿರಲಿಲ್ಲ. ಆತನ ಧೈರ್ಯವನ್ನು ಜಗತ್ತು ಕೊಂಡಾಡಿತು, ಇಂದಿಗೂ ಕೊಂಡಾಡುತ್ತದೆ. ಆದರೆ ಮುಂದೆ, ಮತ್ತೊಮ್ಮೆ ಹಾಗೆ ಮಾಡುವಿರಾ ಎಂದು ಕೇಳಿದವರಿಗೆ ಇಲ್ಲವೆಂದೇ ಆತನು ಉತ್ತರಿಸಿದನು. ಆ ಧೈರ್ಯದಷ್ಟೇ ಈ ಉತ್ತರವೂ ನೆನಪಿನಲ್ಲಿಡತಕ್ಕದ್ದು.

ನೋವನ್ನು ನುಂಗಿ ಮುನ್ನಡೆದವರೆಲ್ಲರಿಗೂ ಪದಕ ದೊರೆಯುವುದಿಲ್ಲ. 1978ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸಮಗ್ರ ಪ್ರಶಸ್ತಿಯನ್ನು ಗೆದ್ದವಳು ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ. ಮರುವರ್ಷ ಆಕೆಯ ಕಾಲು ಮುರಿಯಿತು. ಅದು ಪೂರ್ತಿಯಾಗಿ ಕೂಡಿಕೊಳ್ಳುವ ಮೊದಲೇ ಆಕೆಯನ್ನು ಕಠಿಣವಾದ ಅಭ್ಯಾಸಕ್ಕೆ ತೊಡಗಿಸಲಾಯಿತು. 1980ರ ಜುಲೈನಲ್ಲಿ, ಮಾಸ್ಕೋ ಒಲಿಂಪಿಕ್ ಕೂಟ ಇನ್ನೇನು ಆರಂಭವಾಗಲಿದೆ ಎನ್ನುವಾಗ, ಅಪಾಯಕರವಾದ ಲಾಗವೊಂದನ್ನು ಅಭ್ಯಾಸ ಮಾಡುತ್ತಿದ್ದ ಆಕೆ ಬಿದ್ದು ಕತ್ತಿನ ಮೂಳೆಯನ್ನು ಮುರಿದುಕೊಂಡಳು. ಕೈಕಾಲುಗಳ ಸ್ವಾಧೀನ ತಪ್ಪಿತು. 2006ರಲ್ಲಿ ತೀರಿಕೊಳ್ಳುವವರೆಗೂ ಆಕೆ ಮತ್ತೆ ನಡೆಯಲಿಲ್ಲ. ಸಾಹಸಕ್ಕೂ ದುಡುಕಿಗೂ ನಡುವಣ ಗೆರೆ ತೊಲೆಗಿಂತಲೂ ಕಿರಿದಾದುದು. ಆ ಗೆರೆಯನ್ನು ಕಾಣುವ ಹೊಣೆ ಎಳೆಯ ಸ್ಪರ್ಧಾಳುವಿನದಷ್ಟೇ ಅಲ್ಲ; ಆಕೆಯನ್ನು ತಿದ್ದುವವರದೂ, ಗೆಲವಿಗಾಗಿ ಹಂಬಲಿಸುವ ದೇಶದ್ದೂ ಹೌದು.

ಇಂತಹ ಅನುಭವಗಳಿಂದ ಕ್ರೀಡೆಯ ನಿಯಮಗಳೂ ಕಾಲಕ್ರಮದಲ್ಲಿ ಮಾರ್ಪಟ್ಟವು. ಹದಿನಾಲ್ಕರ ಹರೆಯದಲ್ಲಿ ನಾದಿಯಾ ಗೆದ್ದಿದ್ದಳು. ಹಿರಿಯ ಮಹಿಳೆಯರ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಕನಿಷ್ಠ ವಯಸ್ಸನ್ನು 1981ರಲ್ಲಿ ಹದಿನೈದಕ್ಕೂ, 1997ರಲ್ಲಿ ಹದಿನಾರಕ್ಕೂ ಏರಿಸಲಾಯಿತು. 2006ರಲ್ಲಿ ಅಂಕ ನೀಡುವ ಪದ್ಧತಿಯೇ ಬದಲಾಯಿತು. ಅಂದಿನಿಂದ ಕಸರತ್ತಿನ ಕ್ಲಿಷ್ಟತೆಗೆ ಒಂದು ಅಂಕ, ಅದನ್ನು ನಿರ್ವಹಿಸಿದ ಅಂದಕ್ಕೆ ಇನ್ನೊಂದು ಅಂಕ, ಎರಡನ್ನೂ ಕೂಡಿಸುತ್ತಾರೆ. ನಿರ್ವಹಣೆಯ ಗರಿಷ್ಠ ಅಂಕ ಹತ್ತೇ ಆದರೂ ಕ್ಲಿಷ್ಟತೆಗೆ ಅಂತಹ ಮಿತಿಯಿಲ್ಲ. 2016ರ ರಿಯೊ ಒಲಿಂಪಿಕ್ ಕೂಟದಲ್ಲಿ ಭಾರತದ ದೀಪಾ ಕರ್ಮಾಕರ್ ಪ್ರೊದುನೋವಾ ಎಂಬ ಬಲು ಕಠಿಣವಾದ ವಾಲ್ಟನ್ನು ಮಾಡಿದಾಗ ಕ್ಲಿಷ್ಟತೆಗೆ 7.000, ನಿರ್ವಹಣೆಗೆ 8.266, ಹೀಗೆ ಒಟ್ಟು 15.266 ಅಂಕಗಳು ದೊರೆತವು. ಎರಡು ನೆಗೆತಗಳ ಸರಾಸರಿ 15.066. ಕೇವಲ 0.150 ಅಂಕದಿಂದ ಕಂಚಿನ ಪದಕ ತಪ್ಪಿ ಆಕೆ ನಾಲ್ಕನೆಯವಳಾದಳು.

ಹೀಗಾಗಿ, ಹತ್ತಕ್ಕೆ ಹತ್ತು ಎಂಬ ಅಂಕ ಇಂದಿನ ಹಿರಿಯರ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಒಟ್ಟು ಅಂಕವಾಗಿ ಉಳಿದಿಲ್ಲ. ಆದರೂ ಜಿಮ್ನಾಸ್ಟಿಕ್ಸ್ ಎಂದೊಡನೆ ಜನರ ನೆನಪಿಗೆ ಬರುವುದು ಮಾಂಟ್ರಿಯಲ್‌ನ ಆ ದಿನವೇ. ಅಂಕಫಲಕ ಹೇಳಿದುದು ಒಂದು. ಜನ ಕಣ್ಣಾರೆ ಕಂಡುದು ಹತ್ತು. ಅಳತೆಗೋಲು ಮನುಷ್ಯನು ತನ್ನ ಅನುಕೂಲಕ್ಕಾಗಿ ಮಾಡಿಕೊಂಡ ಸಾಧನ. ಅದು ಬೇಕು, ಅದಿಲ್ಲದೆ ಸ್ಪರ್ಧೆ ನಡೆಯದು. ಆದರೆ ನಾದಿಯಾಳ ವರುಷಗಳ ಅಭ್ಯಾಸವನ್ನಾಗಲಿ, ಫುಜಿಮೊತೊವಿನ ನೋವನ್ನಾಗಲಿ, ಮುಖಿನಾಳಿಗೆ ಆದ ಅನ್ಯಾಯವನ್ನಾಗಲಿ ಅದು ಅಳೆಯಲಾರದು. ಅಂಕಗಳನ್ನು ಓದುವಾಗ, ಅವುಗಳಲ್ಲಿ ಅಡಗದೆ ಉಳಿದುದನ್ನೂ ಓದಬಲ್ಲವನೇ ನಿಜವಾದ ಪ್ರೇಕ್ಷಕ.